ಅಂಜಿಕೆಯ ಅರ್ಧಾಯು

ಶಿಗ್ಗಾಂವಿಯ ಬಸ್‌ಸ್ಟ್ಯಾಂಡ್ ಎದುರಿಗೆ ಅಂಬರೀಶನ ಚಹಾದಂಗಡಿ. ದುಂಡಸಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸಮತಾ, ತಿಂಗಳ ರಜೆ ಮುಗಿಸಿ ಅಂದೇ ಮೊದಲ ಸಲ ಬಂದಿದ್ದಳು. ರಜೆಗೆ ಮುಂಚೆ ಅವನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಹೂಂ ಅನ್ನಲೆಂದೇ ಬಂದಿದ್ದಳು.

ಅವನು ನಕ್ಕ. ಸೊರಗಿದ್ದೀ ಎಂದು ಕಣ್ಣಲ್ಲೇ ಹೇಳಿದ. ಆಮೇಲೆ ಅವಳ ಕೈಗೆ ಕಾಗದದ ಕಪ್ಪು ಕೊಟ್ಟ.

ಸಮತಾಳ ಮೈ ಉರಿದುಹೋಯಿತು.

"ಗ್ಲಾಸ್ ಎಲ್ಲಿ ಹೋದ್ವು?"

"ಎಲ್ಲಾರಿಗೂ ಕಾಗದದ್ದ ಕೊಡಾಕತ್ತೇನಿ. ನಿನಗಷ್ಟ ಅಲ್ಲ."

ನಿಜ, ಬೆಂಚಿನ ಮೇಲೆ ಕೂತ ದಿನದ ಗಿರಾಕಿ ಭರಮಪ್ಪನ ಕೈಯಲ್ಲೂ ಕಾಗದದ ಕಪ್ಪೇ ಇತ್ತು. ಅವಳನ್ನು ಕಂಡೊಡನೆ ಅವನು ಬೆಂಚಿನ ತುದಿಗೆ ಸರಿದದ್ದೂ ನಿಜ.

ಥೈರಾಯ್ಡಿಗೆಂದು ಹುಬ್ಬಳ್ಳಿಯಲ್ಲಿ ಅವಳಿಗೆ ರೇಡಿಯೋಆಕ್ಟಿವ್ ಅಯೋಡಿನ್ ಕೊಟ್ಟಿದ್ದರು. ಅಯೋಡಿನ್ ಅಂದರೆ ಉಪ್ಪಿನ ಪ್ಯಾಕೆಟ್ಟು, ಬಿದ್ದ ಮಂಡಿಗೆ ಹಚ್ಚುವ ಕಂದು ಔಷಧ; ಅದಕ್ಕೆ ಯಾರೂ ಹೆದರುವುದಿಲ್ಲ. ಅದರ ಮುಂದೆ ಇನ್ನೊಂದು ಶಬ್ದ ಸೇರಿದ್ದೇ ತಡ, ಊರಿಗೆ ಬಾಂಬು, ಮೊಬೈಲ್ ಟವರು, ಸತ್ತ ಗುಬ್ಬಿ ಎಲ್ಲ ನೆನಪಾದವು. ಪಾಠ ಹೇಳುವ ಟೀಚರು ಅಣುಬಾಂಬು ಆಗಿಬಿಟ್ಟಳು.

"ಗ್ಲಾಸ್ ತಗಿ ಅಂತ ಯಾರು ಹೇಳಿದ್ರು?"

"ಗಿರಾಕಿಗಳು ಆಕಿಗೆ ಬ್ಯಾರೆ ಕೊಡು ಅಂದ್ರು. ನಿನಗೊಬ್ಬಾಕಿಗೇ ಬ್ಯಾರೆ ಕೊಡಾಕ ಮನಸ್ಸು ಬರಲಿಲ್ಲ. ಅದಕ್ಕ ಎಲ್ಲಾರಿಗೂ..."

"ಶಾಣ್ಯಾ ಅದಿ. ಅವರನ್ನ ಎದುರಿಸೂದು ಬಿಟ್ಟು ನನ್ನ ಮುಚ್ಚಿಟ್ಟಿ."

ಅವನ ಮುಖ ಬಾಡಿತು. ಬಾಡಲಿ ಎಂದುಕೊಂಡಳು.

"ಡಾಕ್ಟರ್ ದೂರ ಇರು ಅಂದಷ್ಟು ದಿನ ಇದ್ದೆ. ನನ್ನ ತಾಟು, ಲೋಟ ಬ್ಯಾರೆ ಇಡೂವಾಗ ಅವ್ವ ಅತ್ತಳು. ಆ ದಿನ ಮುಗದಾವು. ಆ ಅಯೋಡಿನ್‌ಗೂ ಅರ್ಧಾಯು ಅಂತ ಇರತೈತಿ, ಅಂಬರೀಶ. ಅರ್ಧ ಆಗತೈತಿ, ಅದರಾಗ ಅರ್ಧ ಆಗತೈತಿ, ಹಂಗ ಕರಗಿ ಹೋಗತೈತಿ. ನಮ್ಮಜ್ಜ, ನಿಮ್ಮಜ್ಜ ಇಬ್ರೂ ಹೋಟೆಲಿನ ಹೊರಗ ನಿಂತು ಬ್ಯಾರೆ ಬಟ್ಟಲದಾಗ ಚಾ ಕುಡದವರು. ಈ ಜನರ ಅಂಜಿಕಿ ಇನ್ನೂ ಅರ್ಧ ಆಗಿಲ್ಲ. ಎಲ್ಲಾರಿಗೂ ಒಂದ ಥರದ ಗ್ಲಾಸಿನ ಅಂಗಡಿ ತಗೀತೇನಿ ಅಂದಾವ ನೀನ. ಅದಕ್ಕ ನಾ ನಿನ್ನ ಮೆಚ್ಚಿದ್ದೆ."

ಕಪ್ಪು ಕೆಳಗಿಟ್ಟು ಬ್ಯಾಗನ್ನು ಹೆಗಲಿಗೇರಿಸಿದಳು.

"ಕುಂದ್ರು" ಎಂದ ಅಂಬರೀಶ. ಒಲೆಯ ಕೆಳಗಿನ ಡಬ್ಬಿ ಎಳೆದು ಗ್ಲಾಸುಗಳನ್ನೆಲ್ಲ ಹೊರಗಿಟ್ಟ. ಒಂದಕ್ಕೆ ಚಹಾ ಸುರಿದು ಅವಳಿಗೆ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ.

ಭರಮಪ್ಪ ಎದ್ದು ನಿಂತ. "ನಾಳಿಂದ ನಾ ಬರೂದಿಲ್ಲಪಾ."

"ನಿಮ್ಮಿಷ್ಟ ಕಾಕಾ. ಬಂದ್ರ ಗ್ಲಾಸಿನ್ಯಾಗ ಕುಡೀರಿ."

ದುಂಡಸಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸಮತಾ ಅವನನ್ನೇ ನೋಡುತ್ತ ನಿಧಾನವಾಗಿ ಕುಡಿದಳು. ಖಾಲಿ ಗ್ಲಾಸನ್ನು ಅವನು ತೊಳೆದು, ಉಳಿದವುಗಳ ಜೊತೆ ಬೋರಲು ಹಾಕಿದ.

"ಅದರಾಗ ನಂದು ಯಾವುದು?" ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಅವನು ಗ್ಲಾಸುಗಳ ಸಾಲನ್ನು ನೋಡಿದ. "ಗೊತ್ತಾಗವಲ್ದು."

"ಹಂಗಾರ ಐತಾರ ನಿಮ್ಮಪ್ಪನ್ನ ಕರಕೊಂಡು ಮನಿಗೆ ಬಾ. ನಮ್ಮನ್ಯಾಗೂ ಈಗ ಲೋಟ ಎಲ್ಲಾ ಒಂದ ಕಡೆ ಇಟ್ಟೇವಿ."