ಮೂರು ಕ್ಯಾಮೆರಾದ ಕೊಟೇಶನ್

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ 10.20. ದೂರು ಕೊಡಲು ಬಂದವರೂ, ದೂರು ಯಾರ ಮೇಲೋ ಅವರೂ ಠಾಣೆಯ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಇನ್ನೊಬ್ಬಳು ಮನೆಮನೆಗೆ ಸಿಸಿ ಕ್ಯಾಮೆರಾ ಹಾಕಿಕೊಡುವ ಮೂವತ್ತೆರಡರ ಹೆಂಗಸು. ಹೆಗಲ ಮೇಲೆ ಸದಾ ಏಣಿ ಇರುವುದರಿಂದ ಊರಿಗೆಲ್ಲ ಏಣಿಯಕ್ಕ. ಈಗಲೂ ಏಣಿಯನ್ನು ಠಾಣೆಯ ಹೊರಗೋಡೆಗೆ ಒರಗಿಸಿಯೇ ಒಳಗೆ ಬಂದಿದ್ದಳು.

“ನಮ್ಮ ಬೀದೀಲಿ ಹತ್ತು ದಿನದಲ್ಲಿ ಮೂರು ಮನೆಯ ಕ್ಯಾಮೆರಾ ಹೋಗಿವೆ ಸಾರ್,” ಎಂದರು ಮೇಷ್ಟ್ರು. “ಹಾಕಿದವಳು ಇವಳು. ತೆಗೆದವಳೂ ಇವಳೇ.”

“ನೀವು ನೋಡಿದ್ರಾ?” ಇನ್ಸ್‌ಪೆಕ್ಟರ್ ಕೇಳಿದರು.

“ಎದುರುಮನೆ ಟೈಲರಮ್ಮ ನೋಡಿದಾರೆ. ನಮ್ಮ ಗೋಡೆಗೆ ಏಣಿ ಒರಗಿತ್ತಂತೆ.”

“ಏಣಿ ಮೇಲೆ ಯಾರಿದ್ದರು?”

“ಅವರ ಕಿಟಕಿಯಿಂದ ಏಣಿ ಕಾಲು ಮಾತ್ರ ಕಾಣತ್ತೆ.”

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದ. “ಏಣಿ ಕಾಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಗುರುತಿನ ಪರೇಡ್ ಮಾಡಿಸ್ಬೇಕಾ ಸಾರ್?”

ಏಣಿಯಕ್ಕ ಎದ್ದು ನಿಂತಳು.

“ಬರ್ಕೊಳ್ಳಿ ಸಾರ್. ಅನುಮಾನ ನನ್ನ ಮೇಲೆ ಅಂತಲೇ ಬರ್ಕೊಳ್ಳಿ. ಆದ್ರೆ ಕಳ್ಳನ್ನ ಹುಡುಕಿ. ಜನ ನನ್ನನ್ನ ಮಲಗೋ ಕೋಣೆ ತನಕ ಬಿಟ್ಕೋತಾರೆ. ಆ ನಂಬಿಕೆ ಹೋದ್ರೆ ನನ್ನ ಏಣಿ ಸೌದೆಗೂ ಆಗಲ್ಲ, ಅದು ಅಲ್ಯೂಮಿನಿಯಂ. ಶುಕ್ರವಾರ ಒಂದು ಶಾಲೆಯವರು ಇಪ್ಪತ್ತು ಕ್ಯಾಮೆರಾದ ಕೆಲಸ ನನಗೆ ಕೊಡೋದೋ ಬೇಡವೋ ಅಂತ ತೀರ್ಮಾನ ಮಾಡ್ತಾರೆ. ಮೇಷ್ಟ್ರು ಅದೇ ಶಾಲೇಲಿ ಮೂವತ್ತು ವರ್ಷ ಪಾಠ ಹೇಳಿದೋರು. ನಾನೇ ಕಳ್ಳಿ ಅಂತ ಅಲ್ಲೂ ಹೇಳಿ ಬಂದಿದಾರೆ.”

ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. 10.55ಕ್ಕೆ ಅಪರಿಚಿತ ಆರೋಪಿಯ ವಿರುದ್ಧ ಕಳವಿನ FIR ದಾಖಲಾಯಿತು.

11.40ಕ್ಕೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮೇಷ್ಟ್ರನ್ನೂ ಏಣಿಯಕ್ಕನನ್ನೂ ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟರು. ಬೀದಿಯಲ್ಲಿ ಹದಿನಾಲ್ಕು ಮನೆ. ಅಜ್ಜಿಕತೆಯಲ್ಲಿ ಕೋಟೆ ಬಾಗಿಲಿಗೆ ನೂರು ಕಣ್ಣಿನ ರಾಕ್ಷಸನನ್ನು ಕಾವಲಿಡುವ ಹಾಗೆ ಮೂಲೆಮೂಲೆಯಲ್ಲೂ ಒಂದೊಂದು ಕಪ್ಪು ಕಣ್ಣು. ಆ ರಾಕ್ಷಸನಂತೆಯೇ ಈ ಕಣ್ಣುಗಳಿಗೂ ತಮ್ಮ ಬೆನ್ನು ಕಾಣುವುದಿಲ್ಲ.

“ರೆಕಾರ್ಡಿಂಗ್ ಎಲ್ಲಿ?” ಎಂದರು ಇನ್ಸ್‌ಪೆಕ್ಟರ್.

“ಕ್ಯಾಮೆರಾ ಹೊಟ್ಟೆಯೊಳಗೇ ಸಾರ್, ಕಾರ್ಡಲ್ಲಿ,” ಎಂದಳು ಏಣಿಯಕ್ಕ. “ಮನೆ ಒಳಗೊಂದು ರೆಕಾರ್ಡರ್ ಪೆಟ್ಟಿಗೆ ಇಡೋಣ ಅಂದಿದ್ದೆ. ಮೂರು ಮನೆಯವರೂ ಬೇಡ ಅಂದ್ರು.”

“ಅಂದರೆ ಕಣ್ಣು ಕದ್ದವನು ನೆನಪನ್ನೂ ಹೊತ್ಕೊಂಡು ಹೋದ.”

ಮೇಷ್ಟ್ರಿಗೆ ಸಿಟ್ಟು ಬಂತು. “ಕ್ಯಾಮೆರಾ ಎರಡು ಸಾವಿರ ಅಂತ ಫೋನಲ್ಲಿ ನೋಡಿ ಕರೆಸಿದೆ ಸಾರ್. ಬಂದವಳು ಪೆಟ್ಟಿಗೆಗಿಷ್ಟು, ಡಿಸ್ಕಿಗಿಷ್ಟು, ವೈರು ಮೀಟರಿಗಿಷ್ಟು, ಪೈಪಿಗಿಷ್ಟು, ಹಾಕೋ ಕೂಲಿ ಬೇರೆ ಅಂತ ಹನ್ನೆರಡು ಸಾವಿರದ ಪಟ್ಟಿ ಕೊಟ್ಟಳು. ಮೂಗಿಗಿಂತ ಮೂಗುತಿ ಭಾರ! ಪೆಟ್ಟಿಗೆ ಬಿಟ್ಟು ಹಾಕು ಅಂದೆ.”

“ಕ್ಯಾಮೆರಾ ಅಲುಗಿದ್ರೆ ನಿಮ್ಮ ಫೋನ್ ಕೂಗ್ಬೇಕಲ್ಲ?” ಇನ್ಸ್‌ಪೆಕ್ಟರ್ ಕೇಳಿದರು.

ಮೇಷ್ಟ್ರ ಸ್ವರ ಇಳಿಯಿತು. “ಬೆಕ್ಕು ಹೋದ್ರೂ ಕೂಗ್ತಿತ್ತು. ಆಫ್ ಮಾಡಿಟ್ಟಿದ್ದೆ.”

ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಅಳೆಯಲು ಮಹಿಳಾ ಕಾನ್‌ಸ್ಟೆಬಲ್ ಏಣಿಯಕ್ಕನ ಏಣಿಯನ್ನೇ ಹತ್ತಿದಳು. ಟೇಪಿನ ತುದಿ ಹಿಡಿದು ಗೋಡೆಯನ್ನು ನೋಡಿದಳು, ಮತ್ತೆ ನೋಡಿದಳು.

“ಸಾರ್, ಇಲ್ಲಿ ತೂತೇ ಇಲ್ಲ.”

“ಅಲ್ಲೇ ಇತ್ತಮ್ಮ, ಮೂಲೆಗೆ ಒಂದು ಗೇಣು ಈಚೆಗೆ,” ಎಂದರು ಮೇಷ್ಟ್ರು ಕೆಳಗಿನಿಂದ.

ಅವಳು ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟಳು. ಆಗ ಕಂಡಿತು. ಸ್ಕ್ರೂ ಹೋಗಿದ್ದ ನಾಲ್ಕು ಜಾಗಕ್ಕೂ ಪುಟ್ಟಿ ತುಂಬಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಮೇಲೆ ಬಣ್ಣ ಸವರಲಾಗಿತ್ತು. ಬೆರಳಿಟ್ಟರೆ ಮಗುವಿನ ಕೆನ್ನೆಯಷ್ಟು ನುಣುಪು. ಇನ್ನೆರಡು ಮನೆಗಳಲ್ಲೂ ಹಾಗೆಯೇ. ಮೇಷ್ಟ್ರ ಗೋಡೆಗೆ ಕೆನೆಬಣ್ಣ, ಟೈಲರಮ್ಮನ ವೆರಾಂಡಕ್ಕೆ ತಿಳಿಹಸಿರು, ಮೂರನೆಯ ಮನೆಯ ಮೆಟ್ಟಿಲ ಬಳಿ ತೆಳುನೀಲಿ. ಯಾವುದೂ ಒಂದು ಛಾಯೆಯೂ ಆಚೀಚೆಯಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಏಣಿಯಕ್ಕನ ಕಡೆ ತಿರುಗಿದರು. “ನೀವು ಕ್ಯಾಮೆರಾ ಬಿಚ್ಚಿದ್ರೆ ತೂತು ಏನು ಮಾಡ್ತೀರಿ?”

“ಬಿಟ್ಟು ಹೋಗ್ತೀನಿ ಸಾರ್. ನಾವು ಗೋಡೆ ಕೊರೆಯೋರು, ಮುಚ್ಚೋರಲ್ಲ.”

“ಸಿಕ್ಕಿಬೀಳಬಾರದು ಅಂತ ಮುಚ್ಚಿದಾನಾ?” ಎಂದ ಹೆಡ್ ಕಾನ್‌ಸ್ಟೆಬಲ್. “ಕ್ಯಾಮೆರಾ ಇಲ್ಲ ಅನ್ನೋದೇ ಕಾಣ್ತಿರುವಾಗ ತೂತು ಮುಚ್ಚಿ ಏನು ಬಂತು?”

“ಯೋಚನೆ ಮಾಡಿ ಮುಚ್ಚಿರಲ್ಲ ಸಾರ್,” ಮಹಿಳಾ ಕಾನ್‌ಸ್ಟೆಬಲ್ ಏಣಿಯ ಮೇಲಿಂದಲೇ ಹೇಳಿದಳು. “ನಮ್ಮಮ್ಮ ಬೇರೆಯವರ ಮನೇಲಿ ಊಟ ಮಾಡಿದ್ರೂ ತಟ್ಟೆ ತೊಳೆದೇ ಬರ್ತಾಳೆ. ಬೇಡ ಅಂದ್ರೂ ಕೈ ಕೇಳಲ್ಲ.”

ಇನ್ಸ್‌ಪೆಕ್ಟರ್ ಮೇಷ್ಟ್ರನ್ನು ಕೇಳಿದರು. “ಈ ಬೀದಿಗೆ ಬಣ್ಣ ಹೊಡೆದವರು ಯಾರು?”

“ಜನವರಿಯಲ್ಲಿ ಹದಿನಾಲ್ಕು ಮನೆಗೂ ಸುಣ್ಣದಣ್ಣನೇ ಹೊಡೆದ. ಕ್ಯಾಮೆರಾ ಬಿಚ್ಚಿ, ಬಣ್ಣ ಹೊಡೆದು, ತಿರುಗಿ ಹಾಕಿ...” ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. “ಅವನು ಅಂಥವನಲ್ಲ ಸಾರ್. ಮುಂಗಡ ಕೂಡ ಬಾಯಿಬಿಟ್ಟು ಕೇಳದೋನು.”

“ಇವಳು ಅಂಥವಳು ಅಂತ ಹೇಗೆ ಗೊತ್ತಾಗಿತ್ತು?”

ಮಹಿಳಾ ಕಾನ್‌ಸ್ಟೆಬಲ್ ಕೆಳಗಿಳಿದಳು. ಏಣಿಯಕ್ಕ ಮುಖ ತಿರುಗಿಸಿ ಏಣಿ ಮಡಚಿದಳು.

ಪುಟ್ಟಿಯೊಂದೇ ನೆಚ್ಚಿಕೊಂಡು ಒಬ್ಬ ಮನುಷ್ಯನ ಮನೆ ಬಾಗಿಲು ತಟ್ಟಲು ಇನ್ಸ್‌ಪೆಕ್ಟರಿಗೆ ಮನಸ್ಸಾಗಲಿಲ್ಲ. ಕದ್ದ ಮಾಲು ಮಾರಾಟಕ್ಕೆ ಬಂದಿದೆಯೇ ಎಂದು ಹೆಡ್ ಕಾನ್‌ಸ್ಟೆಬಲ್ ಹಳೇ ಸಾಮಾನಿನ ಏಳು ಅಂಗಡಿ ಸುತ್ತಿದ. ಬಂದಿರಲಿಲ್ಲ. ಮಾರಲು ಅಲ್ಲದಿದ್ದರೆ ಇಟ್ಟುಕೊಳ್ಳಲು.

ಬುಧವಾರ ಮಧ್ಯಾಹ್ನ 1.30ಕ್ಕೆ ಪೊಲೀಸರು ಮೂವರೂ ಏಣಿಯಕ್ಕನ ಅಂಗಡಿಯಲ್ಲಿದ್ದರು. ಎರಡು ಮಂಚ ಹಿಡಿಯುವಷ್ಟು ಜಾಗ, ಒಂದು ಗೋಡೆ ತುಂಬ ವೈರಿನ ಸುರುಳಿ.

“ಕ್ಯಾಮೆರಾ ಬೇಕು ಅಂತ ರೇಟು ಕೇಳಿ, ಕೊಳ್ಳದೆ ಹೋದವರು ಯಾರು?”

“ಅರ್ಧ ಊರು ಸಾರ್,” ಎನ್ನುತ್ತ ಅವಳು ಕೊಟೇಶನ್ ಪುಸ್ತಕ ತೆಗೆದಳು. ಕಾರ್ಬನ್ ಪ್ರತಿಗಳನ್ನು ಒಂದೊಂದೇ ಮಗುಚಿದ ಮಹಿಳಾ ಕಾನ್‌ಸ್ಟೆಬಲ್ ಡಿಸೆಂಬರ್ ಹದಿನೆಂಟರ ಹಾಳೆಯಲ್ಲಿ ಬೆರಳಿಟ್ಟು ನಿಂತಳು. ಒಳಗೆ ಗುಂಡಗಿನ ಕ್ಯಾಮೆರಾ ಎರಡು. ಹೊರಗೆ ಉದ್ದದ್ದು ಒಂದು. ಕಾರ್ಡು, ಅಡಾಪ್ಟರು, ವೈರು, ಹಾಕುವ ಕೂಲಿ ಸೇರಿ ಹತ್ತು ಸಾವಿರದ ಆರುನೂರು. ಗಿರಾಕಿ, ಸುಣ್ಣದಣ್ಣ.

ಟೈಲರಮ್ಮನ ಮನೆಯದೂ ಮೂರನೆಯ ಮನೆಯದೂ ಗುಂಡಗಿನವು. ಮೇಷ್ಟ್ರದು ಉದ್ದದ್ದು. ಪಟ್ಟಿಯಲ್ಲಿದ್ದಷ್ಟೇ ಹೋಗಿದ್ದವು, ಬೀದಿಯಲ್ಲಿ ನಾಲ್ಕನೆಯ ಕ್ಯಾಮೆರಾವನ್ನು ಯಾರೂ ಮುಟ್ಟಿರಲಿಲ್ಲ.

ಏಣಿಯಕ್ಕ ಸ್ಟೂಲಿನ ಮೇಲೆ ಕೂತಳು. “ಕಂತಲ್ಲಿ ಕೊಡ್ತೀಯಾ ಅಕ್ಕ ಅಂತ ಕೇಳಿದ. ನಾನು ಮಾತಾಡಲೂ ಇಲ್ಲ ಸಾರ್. ಅದನ್ನ ತೋರಿಸಿದೆ.” ಅವಳು ಕೈಮಾಡಿದ ಕಡೆ ಒಂದು ಬೋರ್ಡಿತ್ತು. ಸಾಲ ಕೇಳಿ ಸ್ನೇಹ ಕೆಡಿಸಬೇಡಿ.

“ಯಾಕೆ ಬೇಕು ಅಂತ ಕೇಳಿದ್ರಾ?”

“ಇಲ್ಲ. ಕೇಳ್ಬೇಕಿತ್ತು.”

3.10ಕ್ಕೆ ಸುಣ್ಣದಣ್ಣ ಸಿಕ್ಕಿದ. ಎರಡಂತಸ್ತಿನ ಹೊಸ ಕಟ್ಟಡದ ಸಾರುವೆಯ ಮೇಲೆ ಕೂತು ಕಿಟಕಿಯ ಅಂಚಿಗೆ ಬಣ್ಣ ಹಚ್ಚುತ್ತಿದ್ದ. ಕಣ್ಣಿನ ಮಟ್ಟಕ್ಕೆ ಬರುವಂತೆ ಒಂದು ಫೋನನ್ನು ಗಳಕ್ಕೆ ದಾರದಿಂದ ಕಟ್ಟಿಕೊಂಡಿದ್ದ. ಅದರಲ್ಲಿ ಒಂದು ಅಡುಗೆಮನೆ. ಒಬ್ಬ ಹೆಂಗಸು ಪಾತ್ರೆ ಒರೆಸಿಡುತ್ತಿದ್ದಳು. ಪೊಲೀಸರನ್ನು ಕಂಡು ಅವನು ಓಡಲಿಲ್ಲ. ಡಬ್ಬದ ಮುಚ್ಚಳ ಹಾಕಿ, ಬ್ರಷ್ ಒರೆಸಿ, ಫೋನ್ ಬಿಚ್ಚಿಕೊಂಡು ಇಳಿದ.

“ಮೂರು ಕ್ಯಾಮೆರಾ ಎಲ್ಲಿವೆ?”

“ಮನೇಲಿವೆ ಸಾರ್.”

“ಯಾವ ಹೊತ್ತಲ್ಲಿ ತೆಗೆದೆ?”

“ಮಧ್ಯಾಹ್ನ ಮೂರರ ಮೇಲೆ. ಎಲ್ಲ ಒಂದು ನಿದ್ದೆ ತೆಗೆಯೋ ಹೊತ್ತು. ಬಣ್ಣದ ಡಬ್ಬ ಹಿಡಿದೋನನ್ನ ಯಾಕೆ ಬಂದೆ ಅಂತ ಯಾರೂ ಕೇಳಲ್ಲ.”

“ತೂತು ಯಾಕೆ ಮುಚ್ಚಿದೆ?”

ಸುಣ್ಣದಣ್ಣ ಅವರ ಮುಖವನ್ನೇ ನೋಡಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. “ಮುಚ್ಚಿದ್ನಾ ಸಾರ್?”

4.25ಕ್ಕೆ ಜಪ್ತಿ ಪಂಚನಾಮೆಗೆ ಅವನ ಮನೆ ತಲುಪಿದರು. ಪಕ್ಕದ ಮನೆಯ ಇಬ್ಬರು ಪಂಚರು. ಬಿಲ್ಲಿನ ನಂಬರು ತಾಳೆ ನೋಡಲು ಏಣಿಯಕ್ಕ. ತಮ್ಮ ವಸ್ತು ಗುರುತಿಸಲು ಮೇಷ್ಟ್ರು. ಎರಡೇ ಕೋಣೆಯ ಬಾಡಿಗೆ ಮನೆ. ಒಂದು ಗೋಡೆ ಕೆನೆಬಣ್ಣ, ಒಂದು ತಿಳಿಹಸಿರು, ಬಾಗಿಲ ಬಳಿ ನೀಲಿ, ಒಲೆಯ ಹಿಂದೆ ಇಟ್ಟಿಗೆ ಕೆಂಪು. ಊರಿನ ಮನೆಗಳೆಲ್ಲ ತಮ್ಮ ಸೀರೆಯಂಚು ಹರಿದು ಒಂದೊಂದು ತುಂಡು ಈ ಮನೆಗೆ ಉಡಿಸಿದ ಹಾಗಿತ್ತು. ಒಲೆಯ ಎದುರು ಒಂದು ಗುಂಡು ಕ್ಯಾಮೆರಾ, ಮಲಗುವ ಕಡೆ ಇನ್ನೊಂದು, ಹಿತ್ತಿಲ ಮೆಟ್ಟಿಲಿಗೆ ಉದ್ದದ್ದು.

ಗಂಡನ ಜೊತೆ ಪೊಲೀಸರನ್ನು ಕಂಡು ಹೆದರಿ ನಿಂತಿದ್ದ ಅವನ ಹೆಂಡತಿ, ಅವರ ಹಿಂದೆ ಏಣಿ ಹೊತ್ತು ಬಂದವಳನ್ನು ನೋಡಿದ್ದೇ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಹಿಡಿದವಳ ಮೊಣಕೈವರೆಗೆ ಹಳೆಯ ಸುಟ್ಟ ಕಲೆಯಿತ್ತು.

“ನೀವೇ ಅಲ್ವಾ ಏಣಿಯಕ್ಕ? ನಿಮ್ಮನ್ನ ಒಂದು ಸಲ ನೋಡ್ಬೇಕು ಅಂತಿದ್ದೆ. ನನಗೆ ಮೂರ್ಛೆ ಬರತ್ತೆ ಅಕ್ಕ. ಹೋದ ವಾರ ಒಲೆ ಉರೀತಿದ್ದಾಗಲೇ ಬಿದ್ದುಬಿಟ್ಟೆ. ಇವರು ಕೆಲಸದಲ್ಲಿದ್ದೋರು ಫೋನಲ್ಲಿ ನೋಡಿ ಪಕ್ಕದ ಮನೆಯವರನ್ನ ಓಡಿಸಿದ್ರು. ದುಡ್ಡು ಸಿಕ್ಕಾಗ ಕೊಡಿ ಅಂತ ಕ್ಯಾಮೆರಾ ಕೊಟ್ರಂತಲ್ಲ ನೀವು! ದಿನಾ ಒಲೆ ಹಚ್ಚುವಾಗ ನಿಮಗೆ ಒಳ್ಳೇದಾಗಲಿ ಅಂದ್ಕೊಂಡೇ ಹಚ್ಚೋದು.”

ಏಣಿಯಕ್ಕ ಸುಣ್ಣದಣ್ಣನ ಕಡೆ ತಿರುಗಿದಳು.

“ಅವರು ಕೊಟ್ಟಿದ್ದಲ್ಲ ಕಣೇ,” ಎಂದ ಸುಣ್ಣದಣ್ಣ, ಗೋಡೆ ನೋಡುತ್ತ. “ನಾನು ಕದ್ದದ್ದು.”

ಹೆಂಗಸಿನ ಹಿಡಿತ ಸಡಿಲವಾಯಿತು. ಅವಳು ಕೇಳಿದ್ದು ಗಂಡನನ್ನಲ್ಲ, ಏಣಿಯಕ್ಕನನ್ನು. “ಹಾಗಾದ್ರೆ ಇಷ್ಟು ದಿನ ನಾನು ನಿಮಗೆ ಹರಸಿದ್ದೆಲ್ಲ ಸುಳ್ಳಾಯ್ತಾ ಅಕ್ಕ?”

“ಸುಳ್ಳಾಗೋಕೆ ಬಿಡ್ತೀನಾ?” ಏಣಿಯಕ್ಕ ಜಾರುತ್ತಿದ್ದ ಆ ಕೈಗಳನ್ನು ತಾನೇ ಗಟ್ಟಿಯಾಗಿ ಹಿಡಿದಳು. “ಒಂದು ಬೀದಿ ಪೂರ್ತಿ ನನ್ನನ್ನ ಕಳ್ಳಿ ಅಂತಿದ್ದಾಗ ಒಂದು ಮನೇಲಿ ನನಗೆ ಒಳ್ಳೇದಾಗಲಿ ಅಂತಿದ್ರು. ನನಗೆ ಗೊತ್ತೇ ಇರ್ಲಿಲ್ಲ ನೋಡಮ್ಮ. ಅದನ್ನ ನಾನು ವಾಪಸ್ ಕೊಡಲ್ಲ. ಇವು ಕೋರ್ಟಿಗೆ ಹೋಗ್ಲಿ. ಸಂಜೆ ಒಳಗೆ ಅಂಗಡೀಂದ ಬೇರೆ ತಂದು ಹಾಕ್ತೀನಿ. ಕಂತಲ್ಲಿ. ನಿನ್ನ ಗಂಡನ ಫೋನು, ಪಕ್ಕದ ಮನೆಯವರ ಫೋನು ಎರಡಕ್ಕೂ ಕಾಣೋ ಹಾಗೆ.”

ಇನ್ಸ್‌ಪೆಕ್ಟರ್ ಕಿಟಕಿಯಾಚೆ ನೋಡುತ್ತ, “ಇದು ಪಂಚನಾಮೆಗೆ ಸಂಬಂಧಪಡದ ಮಾತು,” ಎಂದು ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿದರು. ಅವನು ಆಗಲೇ ಪೆನ್ನಿನ ಕ್ಯಾಪ್ ಹಾಕಿಯಾಗಿತ್ತು.

“ಹಾಕೋ ಕೂಲಿ ಎಷ್ಟು?” ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಕೇಳಿದರು.

“ಒಂದಕ್ಕೆ ನಾನೂರು. ಯಾಕೆ ಮೇಷ್ಟ್ರೇ, ಜಾಸ್ತಿಯಾಯ್ತಾ?”

“ಇಲ್ಲಮ್ಮ. ನಾನು ಕೊಡ್ತೀನಿ. ನಾಳೆ ಬೆಳಗ್ಗೆ ಶಾಲೆಗೆ ಹೋಗಿ, ನಾನು ಹೇಳಿದ್ದು ತಪ್ಪು ಅಂತ ಹೆಡ್‌ಮಾಸ್ತರ ಎದುರೇ ಹೇಳಿ ಬರ್ತೀನಿ.” ಆಮೇಲೆ, ಮೂವತ್ತು ವರ್ಷ ಇತರರ ತಪ್ಪಿಗೆ ಕೆಂಪು ಗೆರೆ ಎಳೆದ ಮನುಷ್ಯ, ಅವಳಿಗೆ ಕೈಮುಗಿದರು.

ಮೂರೂ ಕ್ಯಾಮೆರಾಗಳ ನಂಬರು ಬಿಲ್ಲಿನೊಂದಿಗೆ ತಾಳೆಯಾಯಿತು. ಪಂಚರು ಸಹಿ ಹಾಕಿದರು. 5.50ಕ್ಕೆ ದಸ್ತಗಿರಿ. ಜೀಪು ಹತ್ತುವಾಗ ಸುಣ್ಣದಣ್ಣ ಮಹಿಳಾ ಕಾನ್‌ಸ್ಟೆಬಲ್‌ಗೆ, “ನೀವು ಬಂದದ್ದು ಒಳ್ಳೇದಾಯ್ತಮ್ಮ. ಅವಳು ಅವರನ್ನ ಹರಸಿದಾಗೆಲ್ಲ ನನಗೆ ತುತ್ತು ಇಳೀತಿರ್ಲಿಲ್ಲ,” ಎಂದ. ಮನೆಯೊಳಗೆ ಅವನ ಹೆಂಡತಿಯ ಪಕ್ಕ, ಈ ಸಂಜೆ ಒಬ್ಬಳೇ ಇರುವುದು ಬೇಡವೆಂದು, ಪಂಚರಲ್ಲೊಬ್ಬಳಾದ ನೆರೆಯಾಕೆ ಆಗಲೇ ಚಾಪೆ ಹಾಸಿಕೊಂಡು ಕೂತಿದ್ದಳು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಕಳವಾದ ಮಾಲು, ಮೌಲ್ಯ, ಜಪ್ತಿ, ಎಲ್ಲ ತುಂಬಿದರು. ದೂರುದಾರರು ಕೋರ್ಟಿನ ಅನುಮತಿ ಪಡೆದು ರಾಜಿಯಾಗಲು ಒಪ್ಪಿದ್ದಾರೆ ಎಂದು ಬರೆದರು. ಕೊನೆಗೆ ಕಾರಣ ಬರೆಯಬೇಕಾದಲ್ಲಿ ಮೂರೇ ವಾಕ್ಯ ಬರೆದರು.

ಹೆಂಡತಿಯ ಮೂರ್ಛೆ ರೋಗ. ಆರೋಪಿ ಒಂದು ಸಲ ಕೇಳಿದ್ದ. ಎರಡನೆಯ ಸಲ ಕೇಳಲು ಅವನಿಗೆ ನಾಚಿಕೆಯಾಗಿತ್ತು.