ಬಸವನಹುಳುವಿನ ಮೇಲೊಂದು ಅನುಮಾನ

"ಥ್ಯಾಂಕ್ಸ್ ಬಸವನಹುಳು ಅಂಕಲ್. ಶನಿವಾರ ಸಿಗೋಣ."

ಗಿರಾಕಿಯೊಬ್ಬರ ಮೂಗಿನ ಮೇಲೆ ಹೊಸ ಫ್ರೇಮ್ ಕೂರಿಸುತ್ತಿದ್ದವಳು ಕೌಂಟರಿನ ಮೇಲಿದ್ದ ಫೋನಿನಲ್ಲಿ ಈ ಸಾಲು ಓದಿ ಕೈ ಹಾಗೇ ನಿಲ್ಲಿಸಿಬಿಟ್ಟಳು. ಓರೆಯಾಗಿದೆಯಾ ಎಂದು ಗಿರಾಕಿ ಕೇಳಿದರು. ಓರೆಯಾಗಿರುವುದು ಫ್ರೇಮ್ ಅಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ಅವಳು ಆ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮನೆಯಲ್ಲಿ ಎರಡು ತೊಟ್ಟಿ ತುಂಬ ಮೀನು ಸಾಕಿದ್ದಳು, ಮೀನು ಸಾಕುವವರ ಆನ್‌ಲೈನ್ ಬಳಗವೊಂದಕ್ಕೆ ಅಡ್ಮಿನ್ ಆಗಿದ್ದಳು. ಅಲ್ಲಿ ಯಾರೂ ಸ್ವಂತ ಹೆಸರು ಬಳಸುತ್ತಿರಲಿಲ್ಲ. ಅವಳು 'ಕನ್ನಡಕ'. ರಿಟೈರ್ ಆದ ಯಾರೋ ಗಂಡಸು ಅಂದುಕೊಂಡು ಎಲ್ಲರೂ ಸರ್, ಸರ್ ಅನ್ನುತ್ತಿದ್ದರು. ತಿದ್ದಲು ಅವಳು ಹೋಗಿರಲಿಲ್ಲ. ಸರ್ ಆಗಿದ್ದರೆ ಕಾಟ ಕಡಿಮೆ.

'ಪುಟಾಣಿ' ಬಳಗಕ್ಕೆ ಹೊಸಬಳು, ಏಳನೇ ಕ್ಲಾಸಿನ ಹುಡುಗಿ. ತೊಟ್ಟಿಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದೆ, ಆದರೂ ಮೀನೆಲ್ಲ ಯಾಕೆ ಸತ್ತವು ಎಂದು ಕೇಳಿದ್ದಳು. ಹಳಬರು ಮುಗಿಬಿದ್ದರು. ಶಾಂಪೂ ಹಾಕಿಲ್ವಾ ಎಂದ ಒಬ್ಬ. ಮೊದಲು ಗೊಂಬೆ ಸಾಕೋದು ಕಲಿ ಎಂದ ಇನ್ನೊಬ್ಬ. ಅವನ್ನೆಲ್ಲ ಅಡ್ಮಿನ್ ಆಗಿ ಅವಳು ಅಳಿಸಿಹಾಕುವಷ್ಟರಲ್ಲಿ ಬಸವನಹುಳು ಎಂಬ ಹೆಸರಿನವನೊಬ್ಬ ಬರೆದಿದ್ದ:

"ನನ್ನ ಮೊದಲ ಮೀನುಗಳನ್ನ ನಾನೂ ಹೀಗೇ ಕೊಂದೆ ಪುಟ್ಟಾ. ಪ್ರೀತಿಯಿಂದಲೇ ತೊಳೆದಿದ್ದೆ. ಸೋಪು ಮೀನಿಗೆ ವಿಷ ಅಂತ ಯಾರೂ ಹೇಳಿರಲಿಲ್ಲ. ಈಗ ನಿನಗೆ ಗೊತ್ತಾಯ್ತಲ್ಲ, ಮುಂದಿನವು ಬದುಕ್ತವೆ."

ಪ್ರೀತಿಯಿಂದಲೇ ತೊಳೆದಿದ್ದೆ. ಆ ಮಾತಿನ ಹತ್ತಿರ ಅವಳು ಮತ್ತೆ ಮತ್ತೆ ಹೋಗಿ ಬಂದಳು. ಯಾರಪ್ಪಾ ಇವನು ಅನ್ನಿಸಿತು. ಅಲ್ಲಿಂದ ಮುಂದೆ ಬಳಗ ತೆರೆದರೆ ಕಣ್ಣು ಮೊದಲು ಹುಡುಕುತ್ತಿದ್ದುದು ಅವನ ಹೆಸರಿನ ಪಕ್ಕದ ಪುಟ್ಟ ಹುಳುವನ್ನೇ.

ಅದಕ್ಕೇ ಈಗ ಪುಟಾಣಿ ಅವನಿಗೆ ಬರೆದ ಆ ಸಾಲನ್ನು ಮತ್ತೆ ಓದಿದಳು. ದೊಡ್ಡ ಗಂಡಸು, ಚಿಕ್ಕ ಹುಡುಗಿ, ಶನಿವಾರ. ಒಳ್ಳೆಯ ಮಾತುಗಳ ರುಚಿ ಅವಳು ಕಂಡವಳೇ. ವರ್ಷಗಟ್ಟಲೆ ಫೋನಿನಲ್ಲಿ ಜೇನು ಸುರಿಸಿ ನಿಶ್ಚಿತಾರ್ಥದವರೆಗೆ ಬಂದವನಿಗೆ ಬೇರೆ ಊರಿನಲ್ಲಿ ಹೆಂಡತಿಯಿದ್ದಳು.

ಅವನ ಖಾತೆಯನ್ನು ತಡೆಹಿಡಿದಳು. ಶನಿವಾರದ ವಿಷಯ ಏನು, ಸರಿಯಾಗಿ ಹೇಳಿ ಎಂದು ಅವನಿಗೆ ಇಮೇಲ್‌ನಲ್ಲಿ ಖಡಕ್ಕಾಗಿ ಬರೆದಳು.

"ಕೇಳಿದ್ದು ಒಳ್ಳೇದಾಯ್ತು ಸರ್," ಎಂದು ಉತ್ತರ ಬಂತು. ಅವನು ಲಿಫ್ಟ್ ರಿಪೇರಿಯವನಂತೆ. ಒಂದು ಜೋಡಿ ಗಪ್ಪಿ ಮೀನು ಕೊಡಿ ಎಂದು ಹುಡುಗಿ ಕೇಳಿದಾಗ ಅವಳ ಅಮ್ಮನ ನಂಬರ್ ತೆಗೆದುಕೊಂಡು ಅಮ್ಮನ ಹತ್ತಿರವೇ ಮಾತಾಡಿದ್ದನಂತೆ. ಫ್ಲ್ಯಾಟಿನ ಕೆಳಗೆ, ಅಜ್ಜಿಯ ಎದುರು ಕೊಟ್ಟು ಬರುವುದು, ಅಷ್ಟೇ. ಅನುಮಾನ ಇದ್ದರೆ ನೀವೂ ಬನ್ನಿ ಎಂದು ವಿಳಾಸ, ಅಮ್ಮನ ನಂಬರ್ ಎರಡನ್ನೂ ಕಳಿಸಿದ್ದ.

ಬನ್ನಿ ಅಂದಮಾತ್ರಕ್ಕೆ ಅನುಮಾನ ಹೋಗುತ್ತದೆಯೇ? ಧೈರ್ಯವಾಗಿ ಕರೆಯುವವರೇ ಹೆಚ್ಚು ಅಪಾಯ. ಅವಳು ಹುಡುಗಿಯ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಶನಿವಾರ ಡ್ಯೂಟಿ. ಹೌದು, ಮಾತಾಡಿದ್ದಾರೆ, ಮುಖ ನೋಡಿಲ್ಲ, ಆದರೆ ದನಿ ಕೇಳಿದರೆ ಒಳ್ಳೆಯವರ ಹಾಗಿದ್ದಾರೆ ಅಂದರು. ಒಂದು ಕಾಲದಲ್ಲಿ ಅವಳೂ ತನ್ನ ಅಮ್ಮನಿಗೆ ಇದನ್ನೇ ಹೇಳಿದ್ದಳು. ಶನಿವಾರ ಅರ್ಧ ದಿನ ರಜೆ ಹಾಕಿದಳು.

ಫ್ಲ್ಯಾಟಿನ ಕೆಳಗೆ ಸ್ಕೂಟರುಗಳ ಸಾಲಿನ ಹಿಂದೆ ನಿಂತು, ಯಾರಿಗೋ ಕಾಯುವವಳ ಹಾಗೆ ಫೋನ್ ನೋಡುತ್ತಿದ್ದಳು. ಅವನು ಬಂದ. ಉದ್ದನೆಯ ಆಳು, ಅಂಗಿಯ ತೋಳಿನಲ್ಲಿ ಗ್ರೀಸಿನ ಕಲೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡಿದ್ದ. ಅಜ್ಜಿ ಮೊಮ್ಮಗಳ ಜೊತೆ ಕೆಳಗಿಳಿದರು. ಚೀಲವನ್ನು ಅವನು ಅಜ್ಜಿಯ ಕೈಗೇ ಕೊಟ್ಟ.

ಹುಡುಗಿ ಕುಣಿಯುತ್ತಿದ್ದಳು. ಮೇಲೆ ಬಂದು ತೊಟ್ಟಿ ನೋಡಿ ಎಂದು ದುಂಬಾಲು ಬಿದ್ದಳು. ಅಜ್ಜಿಯೂ ಕಾಫಿ ಕುಡಿದು ಹೋಗಪ್ಪಾ ಎಂದರು. ಸ್ಕೂಟರುಗಳ ಹಿಂದೆ ಅವಳು ಫೋನ್ ಕೆಳಗಿಳಿಸಿ ನೋಡಿದಳು.

ಅವನು ನಿಂತಲ್ಲಿಂದ ಕದಲಲಿಲ್ಲ. "ಇಲ್ಲ ಪುಟ್ಟಾ, ಅಮ್ಮ ಮನೇಲಿಲ್ಲ. ಫೋಟೋ ತೆಗೆದು ಬಳಗದಲ್ಲೇ ಹಾಕು, ಎಲ್ಲರೂ ನೋಡ್ಲಿ. ಇನ್ನೊಂದು ಮಾತು. ದೊಡ್ಡವರು ಯಾರಾದ್ರೂ ಬೇರೆಯಾಗಿ ಮಾತಾಡೋಣ ಅಂದ್ರೆ ಮೊದಲು ಅಮ್ಮನಿಗೆ ಹೇಳ್ಬೇಕು. ನಾನು ಅಂದ್ರೂ ಹೇಳ್ಬೇಕು. ಗೊತ್ತಾಯ್ತಾ?"

ಅಜ್ಜಿ ಮೊಮ್ಮಗಳು ಮೇಲೆ ಹೋದ ಮೇಲೂ ಅವನು ಗೇಟಿನ ಕಡೆ ಕತ್ತು ಉದ್ದ ಮಾಡಿ ನೋಡುತ್ತಲೇ ಇದ್ದ. ಅವಳು ಸ್ಕೂಟರುಗಳ ಹಿಂದಿನಿಂದ ಬಂದು, ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದಳು.

"ಒಬ್ಬರು ಹಿರಿಯರು ಬರಬೇಕಿತ್ತು. ಸ್ವಲ್ಪ ಸಿಡುಕು ಸ್ವಭಾವ."

"ಬಂದಿದ್ದಾರೆ."

ಅವನು ಅವಳ ಕನ್ನಡಕ ನೋಡಿದ. ಮುಖ ನೋಡಿದ. ಮತ್ತೆ ಕನ್ನಡಕ ನೋಡಿದ. ಅರ್ಥವಾಗುತ್ತಾ ಹೋದ ಹಾಗೆ ಒಂದು ನಗು ಅವನ ಹೆಸರಿಗೆ ತಕ್ಕಷ್ಟು ನಿಧಾನವಾಗಿ ತುಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ಹರಿಯಿತು. ನಗಬಾರದೆಂದು ಗಟ್ಟಿ ಮಾಡಿಕೊಂಡಿದ್ದವಳು ಪಕ್ಕಕ್ಕೆ ತಿರುಗಿಕೊಳ್ಳಬೇಕಾಯಿತು.

ಅವನ ಖಾತೆ ಅವತ್ತೇ ಬಿಡುಗಡೆಯಾಯಿತು. ಮುಂದಿನ ವಾರ ಅವಳು ಬಳಗಕ್ಕೆ ಹೊಸ ನಿಯಮ ತಂದಳು: ಚಿಕ್ಕವರ ಜೊತೆ ಯಾರೂ ಖಾಸಗಿಯಾಗಿ ಮಾತಾಡುವಂತಿಲ್ಲ, ಹೊಸಬರ ಪ್ರಶ್ನೆಗೆ ಗೇಲಿ ಮಾಡುವಂತಿಲ್ಲ. ಹಳಬರು ಗೊಣಗಿದರು, ಶಾಂಪೂ ಮಾತಿನವನು ಬಳಗವನ್ನೇ ಬಿಟ್ಟುಹೋದ. ನಿಯಮ ತಪ್ಪಿದರೆ ಮೊದಲು ನನ್ನನ್ನೇ ಹೊರಗೆ ಹಾಕಿ ಎಂದು ಬರೆದವನು ಬಸವನಹುಳು.

ಅವರಿಬ್ಬರ ಕಾಫಿ ಭೇಟಿ ಶುರುವಾಯಿತು. ಅನುಮಾನ ನಿಲ್ಲಲಿಲ್ಲ. ಇವತ್ತು ಬ್ಯಾಂಕಿನ ಲಿಫ್ಟ್ ರಿಪೇರಿ ಅಂತ ಅವನು ಹೇಳಿದ ದಿನ ಅವಳು ಕೆಲಸವಿಲ್ಲದಿದ್ದರೂ ಆ ಬ್ಯಾಂಕಿಗೆ ಹೋದಳು. ಅರ್ಧ ತೆರೆದ ಲಿಫ್ಟಿನ ಬಾಗಿಲಿನಿಂದ ಎಣ್ಣೆ ಮೆತ್ತಿದ ಮುಖವೊಂದು ಹೊರಗೆ ಬಂದು, ಖಾತೆ ತೆರೆಯಲು ಬಂದಿರಾ ಎಂದು ಬಹಳ ವಿನಯದಿಂದ ಕೇಳಿತು. ಅವಳು ನಾಚಿಕೆಯಿಂದ ಮೆಟ್ಟಿಲು ಹಿಡಿದಳು.

ಒಂದು ಮಧ್ಯಾಹ್ನ ಅವನು ಅಂಗಡಿಗೇ ಬಂದು, ಕಣ್ಣು ಮಂಜಾಗಿದೆ ಎಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತ. ಅವಳು ಯಂತ್ರಕ್ಕೆ ಕಣ್ಣು ಹಚ್ಚಿದಳು. ಆ ಕಡೆಯಿಂದ ಅವನ ಕಣ್ಣು, ಕಂದು ಬಣ್ಣದ್ದು, ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿತ್ತು. ಅಷ್ಟು ಹೊತ್ತು ಯಾರ ಕಣ್ಣನ್ನೂ ಅವಳು ಪರೀಕ್ಷಿಸಿದ್ದಿಲ್ಲ.

"ಎರಡೂ ಸರಿಯಾಗಿವೆ. ಯಾಕೆ ಬಂದ್ರಿ?"

"ಇಷ್ಟು ಹತ್ತಿರ ಬರೋಕೆ ಬೇರೆ ದಾರಿ ಕಾಣ್ಲಿಲ್ಲ."

ಅವಳು ಯಂತ್ರದ ದೀಪ ಆರಿಸಿ ಕೋಣೆಯ ದೀಪ ಹಾಕಿದಳು. "ನಿಮ್ಮ ಮೇಲೆ ನನಗೆ ಇನ್ನೂ ಅನುಮಾನ ಇದೆ. ನಿಮ್ಮ ತಪ್ಪಲ್ಲ ಅದು. ಹೋಗ್ತಾನೇ ಇಲ್ಲ."

"ಇರ್ಲಿ ಬಿಡಿ. ಯಾರೋ ಗೊತ್ತಿಲ್ಲದ ಹುಡುಗಿಗೋಸ್ಕರ ರಜೆ ಹಾಕಿ ಸ್ಕೂಟರ್ ಹಿಂದೆ ನಿಂತಿದ್ರಲ್ಲ, ನನಗೆ ನೀವು ಇಷ್ಟವಾಗಿದ್ದೇ ಅವತ್ತು." ಅವನು ಫೋನ್ ತೆಗೆದು ಒಂದು ನಂಬರ್ ಒತ್ತಿ ಅವಳ ಕೈಗಿಟ್ಟ. "ನಮ್ಮಕ್ಕ. ನನ್ನ ಕೆಟ್ಟದ್ದೆಲ್ಲ ಅವಳಿಗೆ ಗೊತ್ತು. ಏನು ಬೇಕಾದ್ರೂ ಕೇಳಿ."

ಅವಳು ಸಂಕೋಚ ಪಡಲಿಲ್ಲ, ಕೇಳಿದಳು. ಅಕ್ಕನೂ ಮುಚ್ಚುಮರೆ ಮಾಡಲಿಲ್ಲ. ಮದುವೆ ಆಗಿಲ್ಲ, ಒಬ್ಬಳನ್ನು ಇಷ್ಟಪಟ್ಟಿದ್ದ, ಅವಳು ಬೇಡ ಅಂದಳು. ಸೋಮಾರಿ ಅಲ್ಲ, ಆದರೆ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕುತ್ತಾನೆ. ಸಿಟ್ಟು ಬಂದರೆ ಎರಡು ದಿನ ಮಾತಿಲ್ಲ. ಸುಳ್ಳು ಹೇಳುತ್ತಾನಾ ಎಂದಾಗ ಅಕ್ಕ ನಕ್ಕುಬಿಟ್ಟರು. ಹೇಳುತ್ತಾನೆ, ಆದರೆ ಪ್ರಯೋಜನ ಇಲ್ಲ, ಕಿವಿ ಕೆಂಪಾಗಿಬಿಡುತ್ತದೆ, ಚಿಕ್ಕಂದಿನಿಂದ ಹಾಗೇ ಅಂದರು.

ಅವಳು ಫೋನನ್ನು ಕಿವಿಯಿಂದ ತೆಗೆಯದೆ ಕುರ್ಚಿಯ ಹತ್ತಿರ ಬಂದಳು.

"ನಾನಂದ್ರೆ ಇಷ್ಟ ಇಲ್ಲ ಅಂತ ಹೇಳಿ."

ಅವನು ಗಾಬರಿಯಾಗಿ ನೋಡಿದ. ಅವಳು ಹುಬ್ಬೇರಿಸಿ ಕಾದಳು.

"ಇಷ್ಟ ಇಲ್ಲ," ಎಂದ ಅವನು, ಗೋಡೆಯ ಮೇಲಿನ ಅಕ್ಷರಗಳನ್ನು ನೋಡುತ್ತಾ.

ಅವಳು ಬಗ್ಗಿ ನೋಡಿದಳು, ಮೊದಲು ಒಂದು ಪಕ್ಕ, ಆಮೇಲೆ ಇನ್ನೊಂದು. ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಉಸಿರು ತಾನಾಗಿಯೇ ಹೊರಗೆ ಬಂತು.

"ಅಕ್ಕಾ," ಎಂದಳು ಫೋನಿನಲ್ಲಿ ಮೆಲ್ಲಗೆ, "ಎರಡೂ ಕೆಂಪಾದ್ವು."