ಒಂದೇ ಒಂದು ‘ನೀನು’

“ನನ್ನ ಕಥೆಗೆ ಕತ್ತರಿ ಹಾಕೋಕೆ ಬಂದಿರೋರು ನೀವೇನಾ?”

ಅವನು ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತೂ ಇರಲಿಲ್ಲ. ಚೀಲ ಹೆಗಲಲ್ಲೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ದಿನದ ಮೊದಲ ಹತ್ತು ನಿಮಿಷ!

ತಲೆ ಎತ್ತಿ ನೋಡಿದ. ಎದುರಿಗೆ ಒಬ್ಬಳು ನಿಂತಿದ್ದಳು. ಕಣ್ಣಿನ ಸುತ್ತ ಕಪ್ಪು, ಮುಡಿಯಲ್ಲಿ ಸಿಕ್ಕಿಸಿದ ಪೆನ್ಸಿಲು, ಕೈಯಲ್ಲಿ ಆರಿದ ಟೀ. ಸಿಟ್ಟಿಗಿಂತ ದಣಿವೇ ಹೆಚ್ಚಾಗಿ ಕಾಣುತ್ತಿತ್ತು.

“ಕತ್ತರಿ ಅಲ್ಲ ಮೇಡಂ... ಡೆಮೋ,” ಎಂದ.

“ಎರಡೂ ಒಂದೇ.”

ಆಫೀಸಿನಲ್ಲಿ ಅವಳಿಗೆ ಅಕ್ಷರಕ್ಕ ಎಂದೇ ಹೆಸರು. ಜಪಾನಿನಿಂದ ಕಥೆಯ ಆಟಗಳನ್ನು ತರಿಸಿ, ತಮ್ಮ ಭಾಷೆಗೆ ತಂದು ಮಾರುವ ಆ ಪುಟ್ಟ ಕಂಪನಿಯಲ್ಲಿ ಅನುವಾದಕ್ಕೆ ಇದ್ದವಳು ಅವಳೊಬ್ಬಳೇ. ಈ ಆಟಗಳಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಪರದೆಯ ಮೇಲೆ ಚಿತ್ರ ಬರುತ್ತದೆ, ಸಂಗೀತ ಬರುತ್ತದೆ, ಕೆಳಗೆ ಮಾತು ಬರುತ್ತದೆ. ಗುಂಡಿ ಒತ್ತುತ್ತಾ ಓದಬೇಕು. ಒಂದೊಂದೂ ಮೂರು ಕಾದಂಬರಿಯಷ್ಟು ಉದ್ದ. ಏಳು ವರ್ಷದಲ್ಲಿ ಒಂಬತ್ತು ಆಟ! ಅವಳ ಕನ್ನಡಕದ ನಂಬರು ಏರಿದಷ್ಟು ಮಾರಾಟ ಏರಲಿಲ್ಲ, ಪಾಪ.

ಅದಕ್ಕೇ ಕಂಪನಿಯ ಯಜಮಾನರು ಇವನನ್ನು ಕರೆತಂದದ್ದು. ಆಟದ ಮೊದಲ ಒಂದು ಗಂಟೆಯನ್ನು ಬೇರೆ ಮಾಡಿ ಬಿಟ್ಟಿಯಾಗಿ ಆಡಲು ಕೊಡುವುದು, ರುಚಿ ಹತ್ತಿದವರು ಪೂರ್ತಿ ಆಟ ಕೊಳ್ಳುತ್ತಾರೆ ಎಂದು ಕಾಯುವುದು ಇವನ ಕೆಲಸ.

“ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನೋ ಜನ ಇದು,” ಎಂದಳು. “ಒಂದು ಗಂಟೆ ಆಡ್ತಾರೆ, ಬಾಯಿ ಒರೆಸ್ಕೊಂಡು ಹೋಗ್ತಾರೆ.”

“ಕೆಲವರು ಹೋಗ್ತಾರೆ. ಕೆಲವರು ಉಳೀತಾರೆ ಮೇಡಂ.”

“ನೋಡೋಣ... ಸ್ಯಾಂಪಲ್ ಸಾಹೇಬ್ರೇ!”

ಪಕ್ಕದ ಮೇಜಿನ ಚಿತ್ರಗಾರ ಕಿಸಕ್ಕನೆ ನಕ್ಕ. ಅವತ್ತಿನಿಂದ ಆ ಹೆಸರೇ ಅಂಟಿಕೊಂಡಿತು.

ಅವಳ ಸಿಡುಕಿಗೆ ಕಾರಣ ಆಟವೊಂದೇ ಆಗಿರಲಿಲ್ಲ. ಎರಡು ವರ್ಷ ಅವಳ ಜೊತೆ ಓಡಾಡಿದವನೊಬ್ಬ ಇದ್ದ. ಮೊದಲ ದಿನವೇ ‘ನೀನು’ ಎಂದಿದ್ದ, ಮೂರನೇ ದಿನ ‘ನಮ್ಮ ಮನೆ ಹೇಗಿರಬೇಕು’ ಎಂದು ಕೇಳಿದ್ದ. ಆಮೇಲೆ ‘ಇನ್ನೂ ಸ್ವಲ್ಪ ಯೋಚನೆ ಮಾಡ್ಬೇಕು’ ಎಂದು ಹೋದವನು, ಆರೇ ತಿಂಗಳಲ್ಲಿ ಮದುವೆಯ ಕಾಗದ ಕಳಿಸಿದ. ಬೇರೆಯವಳ ಜೊತೆ!

‘ರುಚಿ ನೋಡಿದವರು ಕೊಳ್ಳುವುದಿಲ್ಲ’ ಎಂಬುದು ಅವಳಿಗೆ ಮಾರುಕಟ್ಟೆ ಕಲಿಸಿದ ಪಾಠವಲ್ಲ.

ಸಾಹೇಬನೋ, ಬಂದ ಎರಡೇ ತಿಂಗಳಲ್ಲಿ ಅವಳ ಒಂಬತ್ತೂ ಆಟ ಓದಿ ಮುಗಿಸಿದ. ಇಷ್ಟವಾದ ಸಾಲು ಬಂದರೆ ತನಗೇ ಗೊತ್ತಿಲ್ಲದಂತೆ ಮೆಲ್ಲಗೆ ಬಾಯಿಬಿಟ್ಟು ಓದುವ ಅಭ್ಯಾಸ ಅವನಿಗೆ. ಮೂರು ಮೇಜುಗಳ ಆ ಕೋಣೆಯಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ, ಅವಳು ಆ ದನಿಗೆ ಕಿವಿಗೊಡತೊಡಗಿದಳು.

‘ಇದೇನೇ ನಿಂದು? ವಯಸ್ಸು ಮೂವತ್ತನಾಲ್ಕು!’ ಎಂದು ತನ್ನನ್ನೇ ಗದರಿಕೊಂಡಳು.

ಹತ್ತನೇ ಆಟಕ್ಕೆ ಡೆಮೋ ಮಾಡಬೇಕಿತ್ತು. ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನು ಕಾಯುವ ಹುಡುಗಿ, ಪ್ರತಿ ಸೋಮವಾರ ತನ್ನ ಛತ್ರಿ ಕೇಳಿಕೊಂಡು ಬರುವ ಒಬ್ಬ... ಅವರಿಬ್ಬರ ಕಥೆ. ಅವಳೇ ಒಂದು ಜಾಗಕ್ಕೆ ಬೆರಳಿಟ್ಟು ತೋರಿಸಿದಳು.

“ನಿಲ್ಲಿಸಲೇಬೇಕು ಅಂದ್ರೆ ಇಲ್ಲಿ ನಿಲ್ಲಿಸಿ. ಮೂರನೇ ಅಧ್ಯಾಯದ ಕೊನೆ.”

“ಯಾಕೆ ಇಲ್ಲೇ?”

“ಓದಿದ್ರೆ ಗೊತ್ತಾಗುತ್ತೆ.”

ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಅವನಿಗೆ ತಾನಾಗಿಯೇ ಹೊಳೆಯಲಿ ಎಂಬ ಆಸೆ ಅವಳಿಗೆ!

ಡೆಮೋ ಹೊರಟಿತು. ಎರಡು ವಾರದಲ್ಲಿ ನಾಲ್ಕು ಸಾವಿರದ ಇನ್ನೂರು ಜನ ಆಡಿದರು. ಕೊಂಡವರು ಅರವತ್ತೊಂದು.

ಯಜಮಾನರು ಅವಳನ್ನು ಒಳಗೆ ಕರೆದರು. ಅವರ ಮೇಜಿನ ಮೇಲೆ ಆಡಿದವರ ಅಭಿಪ್ರಾಯಗಳ ಪಟ್ಟಿ ಇತ್ತು, ಸಾಹೇಬನ ದುಂಡು ಅಕ್ಷರದಲ್ಲಿ. ‘ಮಾತು ಸಪ್ಪೆ.’ ‘ಕೊನೆಯಲ್ಲಿ ಏನೂ ಆಗುವುದಿಲ್ಲ.’ ‘ಅನುವಾದ ಒಣಕಲು.’

“ನೋಡಮ್ಮ, ನನಗೂ ಸಾಕಾಗಿದೆ,” ಎಂದರು. “ಈ ತಿಂಗಳ ಕೊನೆಗೆ ಅನುವಾದದ ಕೆಲಸ ನಿಲ್ಲಿಸ್ತೀನಿ. ಬೇರೆ ಕಡೆ ಹೋಗೋದಾದ್ರೆ ನನ್ನ ಅಡ್ಡಿ ಇಲ್ಲ.”

ಅವಳ ಕಣ್ಣು ಆ ದುಂಡು ಅಕ್ಷರದ ಮೇಲೇ ನಿಂತಿತ್ತು.

‘ನನ್ನ ಸಾಲುಗಳನ್ನು ಬಾಯಿಬಿಟ್ಟು ಓದುತ್ತಿದ್ದವನು... ಚಾಡಿ ಬರೆದು ಕೊಟ್ಟದ್ದೂ ಅವನೇನಾ?’

ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಅವನು ಎರಡು ಸಲ “ಮೇಡಂ...” ಎಂದು ಬಂದ, ಅವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡಳು. ಅದರಲ್ಲಿ ಹಾಡೇನೂ ಇರಲಿಲ್ಲ.

ಬೇರೆ ಊರಿನ ಕಂಪನಿಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತು. ಬಟ್ಟೆ ಒಗೆಯುವ ಮಷಿನ್ನಿನ ಜೊತೆ ಕೊಡುತ್ತಾರಲ್ಲ, ಆ ಸೂಚನೆಯ ಪುಸ್ತಕಗಳ ಅನುವಾದ.

“ಹೋಗೇ,” ಎಂದಳು ಅವಳ ಅಕ್ಕ ಫೋನಿನಲ್ಲಿ. “ಮಷಿನ್ ಆದ್ರೂ ಕೈ ಕೊಡಲ್ಲ. ಕೊಟ್ರೂ ಎರಡು ವರ್ಷ ಗ್ಯಾರಂಟಿ ಇರುತ್ತೆ.”

ನಗು ಬಂತು. ನಗುವುದಕ್ಕೂ ಸುಸ್ತಾಗಿತ್ತು.

ಮೇಜು ಖಾಲಿ ಮಾಡುತ್ತಿದ್ದ ಒಂದು ಮಧ್ಯಾಹ್ನ, ಅವಳು ಮೊದಲ ಬಾರಿಗೆ ಆ ಡೆಮೋ ತೆರೆದಳು. ಹಟಕ್ಕೆ ಬಿದ್ದು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಗುಂಡಿ ಒತ್ತುತ್ತಾ ಕೊನೆಗೆ ಬಂದಳು. ಛತ್ರಿ ಸಿಕ್ಕಿದೆ. ಹುಡುಗಿ ಅದನ್ನು ಅವನ ಕೈಗಿಟ್ಟು ಹೇಳುತ್ತಾಳೆ:

‘ಛತ್ರಿ ಸಿಕ್ಕಿತು. ಆದರೂ ಸೋಮವಾರ ನೀವು ಬರುತ್ತೀರಿ, ಅಲ್ಲವಾ?’

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

“ಇದನ್ನ ಮುಟ್ಟಿದ್ದು ಯಾರು?”

ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಅವನು ಎದ್ದು ಬಂದು ಪರದೆ ನೋಡಿದ.

“ನಾನೇ... ನೀವು ಮೂರು ಅಧ್ಯಾಯ ಪೂರ್ತಿ ‘ನೀವು’, ‘ಬನ್ನಿ’, ‘ಹೋಗಿ’ ಅಂತ ಬರೆದಿದ್ರಿ. ಅಲ್ಲೊಂದು ಕಡೆ ಮಾತ್ರ ‘ನೀನು ಬರುತ್ತೀಯ’ ಅಂತ ಇತ್ತು. ಬೆರಳು ತಪ್ಪಿದೆ ಅಂದ್ಕೊಂಡೆ.”

“ಬೆರಳು ತಪ್ಪೋದಾ! ಆ ಒಂದು ‘ನೀನು’ಗೆ ನಾಲ್ಕು ದಿನ ಕೂತಿದ್ದೀನಿ ನಾನು! ಜಪಾನಿನಲ್ಲಿ ಅವಳು ಅಷ್ಟು ದಿನ ಅವನ ಮನೆತನದ ಹೆಸರು ಹಿಡಿದು ಮರ್ಯಾದೆಯಿಂದ ಕರೀತಿರ್ತಾಳೆ. ಆ ಸಾಲಲ್ಲಿ ಮೊದಲ ಸಲ ಅವನ ಸ್ವಂತ ಹೆಸರು ಕರೀತಾಳೆ. ಪ್ರೀತಿ ಅಂತ ಎಲ್ಲೂ ಹೇಳಲ್ಲ, ಅಷ್ಟೇ ಹೇಳೋದು. ನೀವು ಅದನ್ನ... ಗಿರಾಕಿಗೆ ‘ಮತ್ತೆ ಬನ್ನಿ’ ಅಂದ ಹಾಗೆ ಮಾಡಿಟ್ಟಿದ್ದೀರಿ!”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಸಾಹೇಬ. ಅವನ ಮುಖ ಬಿಳಿಚಿಕೊಂಡಿತು.

“ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?”

“ಕೇಳೋಕೇ ಬಂದೆ. ನೀವು ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಿದ್ರಿ. ಅಷ್ಟು ದಣಿದಿದ್ರಿ... ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಯಜಮಾನ್ರ ಕಣ್ಣಿಗೆ ತಪ್ಪು ಬೀಳೋದು ಬೇಡ ಅಂತ ನಾನೇ ತಿದ್ದಿದೆ.”

ಅವನು ನೇರವಾಗಿ ಯಜಮಾನರ ಕೋಣೆಗೆ ಹೋದ. ಬಾಗಿಲು ಅರ್ಧ ತೆರೆದೇ ಇತ್ತು.

“ಸರ್, ನೀವು ಕೇಳಿದ ಪಟ್ಟಿ ಕೊಟ್ಟೆನಲ್ಲ, ಆವತ್ತೇ ಹೇಳಿದ್ದೆ, ಅನುವಾದ ನಿಲ್ಲಿಸ್ಬೇಡಿ ಅಂತ. ಈಗ ಕಾರಣ ಸಿಕ್ಕಿದೆ. ಜನ ಸಪ್ಪೆ ಅಂದಿದ್ದು ಅವರು ಬರೆದಿದ್ದನ್ನಲ್ಲ, ನಾನು ಕೆಡಿಸಿದ್ದನ್ನ. ತೆಗೆಯೋದಿದ್ರೆ ನನ್ನನ್ನ ತೆಗೀರಿ.”

“ಒಂದು ಪದದಿಂದ ಏನಯ್ಯಾ ಆಗುತ್ತೆ?”

“ಆ ಆಟ ಇರೋದೇ ಆ ಪದದಲ್ಲಿ ಸರ್!”

ಹೊರಗೆ ಅವಳು ಕುರ್ಚಿಗೆ ಒರಗಿದಳು. ಕಣ್ಣು ತುಂಬಿ ಬಂತು. ‘ಆವತ್ತೇ ಹೇಳಿದ್ದನಾ? ನನ್ನ ಪರವಾಗಿ? ನಾನು ಇಷ್ಟು ದಿನ ಖಾಲಿ ಹೆಡ್‌ಫೋನು ಹಾಕಿಕೊಂಡು ಕೂತಿದ್ದೆನಲ್ಲ!’

ಯಜಮಾನರು ಗೊಣಗುತ್ತಲೇ ಮೂರು ವಾರ ಕೊಟ್ಟರು. ‘ನೀನು’ ತನ್ನ ಜಾಗಕ್ಕೆ ಮರಳಿತು. ಹೊಸ ಡೆಮೋದ ಕೆಳಗೆ ಸಾಹೇಬ ಒಂದು ಸಾಲು ಬರೆದ: ‘ಹಿಂದಿನ ಡೆಮೋದ ಕೊನೆಯ ಮಾತನ್ನು ಕೆಡಿಸಿದ್ದು ನಾನು, ಅನುವಾದಕಿಯಲ್ಲ.’

ಈ ಸಲ ಆಡಿದವರು ಮೊದಲಿಗಿಂತ ಕಡಿಮೆ, ಮೂರು ಸಾವಿರ ಚಿಲ್ಲರೆ. ಕೊಂಡವರು ನಾನೂರ ಹನ್ನೆರಡು. ಪವಾಡವೇನೂ ಅಲ್ಲ. ಯಜಮಾನರು ಕನ್ನಡಕ ತೆಗೆದು ಮೂಗು ಉಜ್ಜಿಕೊಂಡು, “ಇನ್ನೊಂದು ಆಟ ತರಿಸ್ತೀನಿ. ಒಂದೇ,” ಎಂದರು. “ಇರೋದಾದ್ರೆ ಇರಮ್ಮ, ಹೋಗೋದಾದ್ರೆ ಹೋಗು. ನಾನು ಹಿಡಿದು ನಿಲ್ಲಿಸಲ್ಲ.”

ಆ ಸಂಜೆ ಕೆಟ್ಟು ನಿಂತ ಲಿಫ್ಟಿಗೆ ಶಾಪ ಹಾಕುತ್ತಾ ಇಬ್ಬರೂ ಮೂರು ಮಹಡಿ ಇಳಿಯುತ್ತಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ.

“ಆ ಮಷಿನ್ ಪುಸ್ತಕದ ಕಂಪನಿಯವರು ಕೊಟ್ಟಿದ್ದ ಟೈಮು ಮುಗೀತು, ನಾಳೆ ಒಳಗೆ ಉತ್ತರ ಕೊಡ್ಬೇಕು,” ಎಂದಳು.

“ಗೊತ್ತು.” ಹೆಗಲಿನ ಚೀಲ ಇಳಿಸಿದ. “ಒಂದು ಕೇಳ್ಲಾ? ನಾನು ನಿಮ್ಮನ್ನ... ‘ನೀನು’ ಅನ್ನಬಹುದಾ?”

ಅವಳು ತಲೆ ಅಲ್ಲಾಡಿಸಿದಳು.

“ಬೇಡ.”

ಅವನ ಮುಖ ಸಣ್ಣದಾಯಿತು. ಎದ್ದು ನಿಲ್ಲಲು ಹೊರಟ. ಅವಳು ಅವನ ತೋಳು ಹಿಡಿದಳು.

“ಬೇಗ ಬೇಗ ‘ನೀನು’ ಅಂದೋನು ಒಬ್ಬ ಬಂದು ಹೋಗಿದ್ದಾನೆ. ನೀವು ‘ನೀವು’ ಅಂತಲೇ ಹೇಳಿ... ಏನು ಹೇಳ್ಬೇಕು ಅಂತಿದ್ರೋ ಅದನ್ನ.”

ಅವನು ಅವಳ ಕಡೆಗೆ ತಿರುಗಿದ.

“ನಿಮ್ಮನ್ನ ಪ್ರೀತಿಸ್ತೀನಿ. ಡೆಮೋ ಮಾರುತ್ತೋ ಇಲ್ವೋ ಇವತ್ತಿಗೂ ನನಗೆ ಗೊತ್ತಿಲ್ಲ. ಇದೊಂದು ಮಾತ್ರ ಗೊತ್ತು.”

ಅವಳು ಫೋನು ತೆಗೆದು ಆ ಕಂಪನಿಗೆ ಬರೆಯತೊಡಗಿದಳು. ಅವನು ಬಗ್ಗಿ ಓದಿದ: ‘ಕ್ಷಮಿಸಿ, ಕೆಲಸಕ್ಕೆ ಬರಲು ಆಗುವುದಿಲ್ಲ. ನಮ್ಮ ಯಜಮಾನರು ಕಳಿಸುತ್ತಿಲ್ಲ.’

“ಅವರೆಲ್ಲಿ ಬೇಡ ಅಂದ್ರು? ಹೋಗೋದಾದ್ರೆ ಹೋಗು ಅಂದ್ರಲ್ಲ!”

“ಮೇಲೆ ಆಫೀಸಲ್ಲಿರೋ ಯಜಮಾನ್ರ ವಿಷಯ ಯಾರು ಬರೆದ್ರು?”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಿವಿಯ ತುದಿಯವರೆಗೂ ಕೆಂಪಾದ.

ಅವಳು ಕನ್ನಡಕ ತೆಗೆದು, ದಣಿದ ಕಣ್ಣು ಒರೆಸಿಕೊಂಡು, ಅವನನ್ನೇ ನೋಡಿದಳು.

“ಹೇಳಿ... ಕಳಿಸ್ತೀರಾ?”

“ಇಲ್ಲ,” ಎಂದ ಅವನು. “ಕಳಿಸಲ್ಲ.”